ಕೊನೆಯ ಹೂಂ

ಹನ್ನೊಂದು ದಿನ ನಲವತ್ತೊಂದನೇ ತೊಟ್ಟಿ
ನಾನು ಬರೆದ ಪರದೆಯ ಮೇಲೆ ಹಸಿರಾಗಿಯೇ ಇತ್ತು.
ನಾನೇ ಆರಿಸಿದ ಹಸಿರು, ಮಳೆ ಕಂಡ ಹುಲ್ಲಿನದು,
ಈ ಬಯಲಿಗೆ ವರ್ಷದಲ್ಲಿ ಎರಡೇ ವಾರ ಸಿಗುವ ಬಣ್ಣ.
ಹನ್ನೊಂದು ದಿನವೂ ಅದರ ಉಸಿರಿರಲಿಲ್ಲ.

ಗೊತ್ತಾದದ್ದು ಫೌಸ್ತಿನೋನಿಂದ.
ಆಂಡಿಸ್ ತಪ್ಪಲಲ್ಲಿ ಮೇಕೆ ಕಾಯುವವನು,
ನಮ್ಮ ಎಂಟು ತೊಟ್ಟಿಗಳು ಅವನ ಮೇವಿನ ನೆಲದಲ್ಲಿವೆ.
ಕಚೇರಿಯ ಬಾಗಿಲಲ್ಲಿ ಟೋಪಿ ತೆಗೆದು ನಿಂತು ಹೇಳಿದ:
"ಎರ್ಸಿಲಿಯಾ, ನಿಮ್ಮ ಆ ಬಿಳಿ ಗುಡಾಣದ ಆಂಟೆನಾ
ನೆಲ ನೋಡುತ್ತಿದೆ. ನನ್ನ ಹಸು ಬೆನ್ನು ತುರಿಸಿಕೊಂಡಿತು,
ಹೋದ ವಾರದ ಹಿಂದಿನ ವಾರ.
ನಿಮಗೆ ಗೊತ್ತಿದ್ದೀತು ಅಂದುಕೊಂಡೆ.
ಇಲ್ಲಿ ಅಷ್ಟೊಂದು ದೀಪಗಳಿವೆಯಲ್ಲ."

ಅಷ್ಟೊಂದು ದೀಪಗಳಿವೆ.

ಒಂದೊಂದು ತೊಟ್ಟಿಯಲ್ಲೂ ಹನ್ನೆರಡು ಸಾವಿರ ಲೀಟರ್ ನೀರು,
ಬೆಳಕು ಮುಟ್ಟದ್ದು, ಯಾರೂ ಕುಡಿಯದ್ದು.
ನೀರಿನ ನೆತ್ತಿಗೆ ಮೂರು ಗಾಜಿನ ಕಣ್ಣು.
ಎಲ್ಲಿಂದಲೋ ಹೊರಟ ಕಣ ಮೇಲುಗಾಳಿಗೆ ಬಡಿದು ಚೂರಾಗಿ
ಒಂದು ಚೂರು ಈ ಕತ್ತಲನ್ನು ಹಾಯುವಾಗ
ನೀಲಿ ಕಿಡಿ, ಸೆಕೆಂಡಿನ ಕೋಟಿಯಲ್ಲೊಂದು ಪಾಲು.
ಅದನ್ನು ಹಿಡಿಯುವವರು ಬೇರೆ, ಅವರಿಗೆ ದೊಡ್ಡ ದೊಡ್ಡ ಪ್ರಶ್ನೆಗಳಿವೆ.
ನನ್ನವು ಚಿಕ್ಕವು:
ಬ್ಯಾಟರಿ ಎಷ್ಟು ಇಳಿದಿದೆ, ಗಡಿಯಾರ ಎಷ್ಟು ಜಾರಿದೆ,
ಯಾವ ತೊಟ್ಟಿ ಯಾಕೆ ಮುನಿದಿದೆ.

ಆ ರಾತ್ರಿ ಕೂತು ನನ್ನದೇ ಸಾಲುಗಳನ್ನು ಓದಿದೆ.
ಹೊಸ ಅಂಕಿ ಬಂದರೆ ಬಣ್ಣ ಬದಲಿಸು, ಸರಿ.
ಬಾರದಿದ್ದರೆ?
ಬಾರದಿದ್ದರೆ ಏನೆಂದು ನಾನು ಬರೆದೇ ಇರಲಿಲ್ಲ.
ಪರದೆ ಪಾಪ, ಕೇಳಿದ ಕೊನೆಯ ಮಾತನ್ನೇ ನೆಚ್ಚಿಕೊಂಡು
ಬಾರದವನಿಗೆ ದಿನಾ ತಟ್ಟೆ ಇಡುತ್ತಿತ್ತು.

ಅಜ್ಜಿ ರೊಸೆಂದಾ ಕತ್ತಲಲ್ಲಿ ನರಿಯ ಕತೆ ಹೇಳುವಾಗ
ನಾವು ಐವರೂ ಹೂಂಗುಟ್ಟಬೇಕಿತ್ತು.
ನಾಲ್ಕೇ ಹೂಂ ಕೇಳಿದರೆ ನರಿಯನ್ನು ಬಾವಿಯ ಅಂಚಲ್ಲೇ ನಿಲ್ಲಿಸಿ
"ಇನ್ನೊಂದು ಎಲ್ಲಿ?" ಅನ್ನುತ್ತಿದ್ದಳು.
ಕತೆ ಹಿಡಿಸಿತೋ ಇಲ್ಲವೋ ಅವಳಿಗೆ ಬೇಕಿರಲಿಲ್ಲ,
ಇದ್ದೀಯಾ ಅನ್ನುವುದಷ್ಟೇ.
ಹೆಚ್ಚಾಗಿ ನಿದ್ದೆ ಹೋದವಳು ನಾನೇ.

ಈಗ ಪ್ರತಿ ತೊಟ್ಟಿಯೂ ನಿಮಿಷಕ್ಕೊಮ್ಮೆ ಹೂಂ ಅನ್ನಬೇಕು,
ಹೇಳಲು ಏನೂ ಇಲ್ಲದಿದ್ದರೂ.
ಪರದೆಯಲ್ಲಿ ಒಂದು ಅಂಕಣ ಹೆಚ್ಚಾಗಿದೆ:
ಕೊನೆಯ ಹೂಂ ಎಷ್ಟು ಹೊತ್ತಿನ ಹಿಂದೆ.
ಒಂದು ಬಣ್ಣ ಹೆಚ್ಚಾಗಿದೆ: ಬೂದಿ.
ಕೆಂಪಿಗೆ ವಿಷಯ ಗೊತ್ತಿರುತ್ತದೆ, ಅದಕ್ಕೇ ಕೂಗುತ್ತದೆ.
ಬೂದಿಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುತ್ತದೆ.

ಮೊದಲ ಬೆಳಿಗ್ಗೆ ಇನ್ನೂರ ಹನ್ನೆರಡರಲ್ಲಿ ಹತ್ತೊಂಬತ್ತು ಬೂದಿ.
ದೂರದ ಊರಿಂದ ಡಾಕ್ಟರ್ ಬ್ರಾಯ್ಕೊವಿಚ್ ಕರೆ ಮಾಡಿದರು:
"ನಿನ್ನೆವರೆಗೆ ಚೆನ್ನಾಗಿತ್ತು. ಏನು ಮಾಡಿದೆ?
ವರದಿಗೆ ಚಿತ್ರ ಬೇಕು, ಹಳೆಯದನ್ನೇ ಕಳಿಸು."
ಹಳೆಯದು ಇಲ್ಲ ಅಂದೆ.
ಇತ್ತು.

ನಲವತ್ತೊಂದಕ್ಕೆ ಹೋಗಲು ಮೂರು ಗಂಟೆ,
ಎರಡು ಗೇಟು, ಒಂದು ಪಂಕ್ಚರ್.
ಆಂಟೆನಾ ಎತ್ತಿ ತಂತಿ ಬಿಗಿದು ಲ್ಯಾಪ್‌ಟಾಪನ್ನು ಬಾನೆಟ್ ಮೇಲಿಟ್ಟು
ತೊಟ್ಟಿಯ ಬಿಸಿಲು ಕಾದ ಮೈಗೆ ಕಿವಿಯಿಟ್ಟೆ.
ಏನೂ ಕೇಳಿಸುವುದಿಲ್ಲ. ಕೇಳಿಸುವಂಥದ್ದೇನೂ ಅಲ್ಲಿಲ್ಲ.
ಆದರೂ ಪ್ರತಿ ಸಲ ಇಡುತ್ತೇನೆ.
ಬೂದಿ, ಬೂದಿ, ಬೂದಿ.
ಆಮೇಲೆ ಹೂಂ.

ಫೌಸ್ತಿನೋ ಮುಳ್ಳುಕೊಂಬೆ ಎಳೆದು ತಂದು
ತೊಟ್ಟಿಯ ಸುತ್ತ ಬೇಲಿ ಕಟ್ಟುತ್ತಿದ್ದ.
ಆ ಹಸು ಎಲ್ಲಿ, ಬೈಯಬೇಕು ಅಂದೆ.
ಕೈಯನ್ನು ಹುಬ್ಬಿಗಿಟ್ಟು ಅವನು ಗುಡ್ಡದ ಕಡೆ ತಿರುಗಿದ,
ತುಂಬಾ ಹೊತ್ತು ನೋಡಿದ.
"ನಿನ್ನೆ ಸಂಜೆಯಿಂದ ಕಂಡಿಲ್ಲ.
ಸತ್ತಿದೆ ಅಂತಲ್ಲ.
ಕಂಡಿಲ್ಲ, ಅಷ್ಟೆ."